ಹಾರ್ಡ್ ಡಿಸ್ಕ್ ಮುಟ್ಟದೆ ಲಿನಕ್ಸ್

ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್‌ಗೆ ಲೈವ್ ಲಿನಕ್ಸ್ ಎಂದು ಹೆಸರು. ಇಡೀ ಆಪರೇಟಿಂಗ್ ಸಿಸ್ಟಮ್, ಅದರ ಜೊತೆಗೆ ಬ್ರೌಸರ್, ಲಿಬ್ರೆಆಫೀಸ್, ವೀಡಿಯೊ ಪ್ಲೇಯರ್ ಎಲ್ಲವೂ ಒಂದು ಪೆನ್‌ಡ್ರೈವ್‌ನಲ್ಲಿ ಅಡಗಿರುತ್ತವೆ. ಅದನ್ನು ಚುಚ್ಚಿ ಕಂಪ್ಯೂಟರ್ ಆನ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಡೆಸ್ಕ್‌ಟಾಪ್ ಎದುರಿಗೆ ಬರುತ್ತದೆ. ಒಳಗಿನ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ ಇರಲಿ, ಕೆಟ್ಟು ಕೂತ ವಿಂಡೋಸ್ ಇರಲಿ, ಡಿಸ್ಕೇ ಇಲ್ಲದಿರಲಿ, ಲೈವ್ ಲಿನಕ್ಸ್‌ಗೆ ಅದು ಲೆಕ್ಕಕ್ಕಿಲ್ಲ. ಶಟ್‌ಡೌನ್ ಮಾಡಿ ಪೆನ್‌ಡ್ರೈವ್ ತೆಗೆದರೆ ಕಂಪ್ಯೂಟರ್ ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ.

ಈ ಅನುಕೂಲ ಇದ್ದಕ್ಕಿದ್ದಂತೆ ಬಹಳ ಜನರಿಗೆ ಬೇಕಾಗಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಚಿಪ್ಪೂ ಇತ್ತೀಚಿನ ಪ್ರೊಸೆಸರೂ ಇರಬೇಕು. ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವ ಎಷ್ಟೋ ಯಂತ್ರಗಳು ಈ ಷರತ್ತಿಗೆ ಹೊಂದುವುದಿಲ್ಲ. ಅಂಥದ್ದನ್ನು ಗುಜರಿಗೆ ಹಾಕುವ ಮುಂಚೆ ಅದರಲ್ಲಿ ಲಿನಕ್ಸ್ ಹೇಗೆ ಓಡುತ್ತದೆ, ವೈಫೈ ಸಿಗುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ನೋಡಿಕೊಳ್ಳಲು ಲೈವ್ ಪೆನ್‌ಡ್ರೈವ್‌ಗಿಂತ ನಿರಪಾಯದ ದಾರಿ ಇಲ್ಲ.

ಆದರೆ ಹೊಸಬರು ಬಹುತೇಕ ಎಡವುವುದು ಮೊದಲ ಮೆಟ್ಟಿಲಲ್ಲೇ. ಲಿನಕ್ಸ್‌ನ ಐಎಸ್‌ಒ ಫೈಲ್ ಡೌನ್‌ಲೋಡ್ ಮಾಡುತ್ತಾರೆ, ಅದನ್ನು ಪೆನ್‌ಡ್ರೈವ್‌ಗೆ ಕಾಪಿ-ಪೇಸ್ಟ್ ಮಾಡುತ್ತಾರೆ, ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಐಎಸ್‌ಒ ಎಂಬುದು ಹೊರನೋಟಕ್ಕೆ ಫೈಲ್ ಆದರೂ ಅದರೊಳಗಿರುವುದು ಒಂದು ಪೂರ್ತಿ ಡಿಸ್ಕ್‌ನ ಪಡಿಯಚ್ಚು. ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗೆ ಯಾವುದು ಎಲ್ಲಿರಬೇಕೋ ಅಲ್ಲೇ ಇರಬೇಕು. ಕಾಪಿ ಮಾಡಿದಾಗ ಈ ಪಡಿಯಚ್ಚು ಪೆನ್‌ಡ್ರೈವ್‌ನ ಫೈಲ್ ಸಿಸ್ಟಮ್‌ನ ಒಳಗೆ ಎಲ್ಲೋ ಒಂದು ಕಡೆ ಕೂರುತ್ತದೆ. ಬೂಟ್ ಆಗಬೇಕಾದರೆ ಅದು ಪೆನ್‌ಡ್ರೈವ್‌ನ ಆರಂಭದಿಂದಲೇ ಹರಡಿಕೊಂಡಿರಬೇಕು, ಅಂದರೆ ಪೆನ್‌ಡ್ರೈವೇ ಆ ಡಿಸ್ಕ್ ಆಗಬೇಕು. ಕಾಪಿ ಮಾಡುವುದಕ್ಕೂ ಇಮೇಜ್ ಬರೆಯುವುದಕ್ಕೂ ಇರುವ ಅಂತರ ಇಷ್ಟೇ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಸೀಡಿಯ ದಿನಗಳು

ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲನ್ನು ಹೊರತಂದದ್ದು 1991ರಲ್ಲಿ. ಮರುವರ್ಷದ ಕೊನೆಗೇ ಅಮೆರಿಕದ ಯಗ್‌ಡ್ರಸಿಲ್ ಎಂಬ ಡಿಸ್ಟ್ರೋ (ಕರ್ನಲ್ ಜೊತೆ ಉಳಿದ ಸಾಫ್ಟ್‌ವೇರ್ ಸೇರಿಸಿ ಹಂಚುವ ಲಿನಕ್ಸ್) ಸೀಡಿಯಲ್ಲಿಯೇ ಇದ್ದುಕೊಂಡು ಓಡುವ ಲಿನಕ್ಸ್ ತಂದಿತು. ಆಗಿನ ಕಂಪ್ಯೂಟರ್‌ಗಳಿಗೆ ಸೀಡಿಯಿಂದ ಬೂಟ್ ಆಗುವುದೇ ಗೊತ್ತಿರಲಿಲ್ಲ. ಮೊದಲು ಫ್ಲಾಪಿಯಿಂದ ಶುರುಮಾಡಿ ಆಮೇಲೆ ಸೀಡಿಗೆ ದಾಟಬೇಕಿತ್ತು. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಸೇರಿ ಎಲ್ ಟೊರಿಟೊ ಎಂಬ ಕ್ರಮವನ್ನು ಗೊತ್ತುಮಾಡಿದ ಮೇಲೆ, ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬಯಾಸ್ ಎಂಬ ಪ್ರೋಗ್ರಾಂ ಸೀಡಿಯನ್ನೂ ಬೂಟ್ ಡಿಸ್ಕ್ ಎಂದು ಒಪ್ಪಿಕೊಳ್ಳತೊಡಗಿತು.

ಲೈವ್ ಲಿನಕ್ಸ್ ಜನಸಾಮಾನ್ಯರ ಕೈಗೆ ಬಂದದ್ದು ಜರ್ಮನಿಯ ಕ್ಲಾಸ್ ನಾಪರ್ ಅವರ ನಾಪಿಕ್ಸ್‌ನಿಂದ. 2000ದಲ್ಲಿ ಹೊರಬಂದ ನಾಪಿಕ್ಸ್ ಎರಡು ಕೆಲಸಗಳನ್ನು ಸಾಧಿಸಿತು. ಮೊದಲನೆಯದು, ಸುಮಾರು 2 ಜಿಬಿಯಷ್ಟು ಸಾಫ್ಟ್‌ವೇರ್ ಅನ್ನು ಕುಗ್ಗಿಸಿ 700 ಎಂಬಿಯ ಸೀಡಿಯೊಳಗೆ ತುಂಬಿತು. ಓದುವಾಗ ಬೇಕಾದಷ್ಟನ್ನು ಮಾತ್ರ ಬಿಡಿಸಿಕೊಳ್ಳುತ್ತಿತ್ತು. ಎರಡನೆಯದು, ಯಾವ ಯಂತ್ರಕ್ಕೆ ಹಾಕಿದರೂ ಅಲ್ಲಿನ ಗ್ರಾಫಿಕ್ಸ್, ಸೌಂಡ್, ನೆಟ್‌ವರ್ಕ್ ಕಾರ್ಡುಗಳನ್ನು ತಾನೇ ಗುರುತು ಹಿಡಿದು ಡ್ರೈವರ್ ಹಾಕಿಕೊಳ್ಳುತ್ತಿತ್ತು. ಲಿನಕ್ಸ್‌ನಲ್ಲಿ ಒಂದು ಮಾನಿಟರ್ ಸರಿಯಾಗಿ ಕೂರಿಸಲು ದಿನಗಟ್ಟಲೆ ಹೆಣಗಬೇಕಾಗಿದ್ದ ಕಾಲದಲ್ಲಿ ಈ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಸಾಧನೆ.

2004ರಲ್ಲಿ ಬಂದ ಉಬುಂಟು ಮೊದಮೊದಲು ಲೈವ್ ಸೀಡಿ ಬೇರೆ, ಇನ್‌ಸ್ಟಾಲ್ ಸೀಡಿ ಬೇರೆ ಎಂದು ಇಟ್ಟಿತ್ತು. 2006ರ ಜೂನ್‌ನ 6.06 ಆವೃತ್ತಿಯಲ್ಲಿ ಎರಡನ್ನೂ ಒಂದು ಮಾಡಿತು: ಮೊದಲು ಓಡಿಸಿ ನೋಡಿ, ಇಷ್ಟವಾದರೆ ಡೆಸ್ಕ್‌ಟಾಪ್ ಮೇಲಿನ ಐಕಾನ್ ಒತ್ತಿ ಇನ್‌ಸ್ಟಾಲ್ ಮಾಡಿ. ಈಗ ಹೆಚ್ಚುಕಡಿಮೆ ಎಲ್ಲ ಡಿಸ್ಟ್ರೋಗಳೂ ಹಿಡಿದಿರುವ ಕ್ರಮ ಇದೇ. ಉಬುಂಟುವಿನ ಶಿಪ್‌ಇಟ್ ಯೋಜನೆಯಲ್ಲಿ ವಿಳಾಸ ಕೊಟ್ಟವರಿಗೆ ಪುಕ್ಕಟೆಯಾಗಿ ಸೀಡಿ ಅಂಚೆಯಲ್ಲಿ ಬರುತ್ತಿತ್ತು. 2011ರಲ್ಲಿ ಅದು ನಿಂತಿತು. ಭಾರತದಲ್ಲಿ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸೀಡಿಗಳಿಂದಲೇ ಲಿನಕ್ಸ್ ಕಂಡವರು ಬಹಳ. ಇಂಟರ್ನೆಟ್ ದುಬಾರಿಯೂ ನಿಧಾನವೂ ಆಗಿದ್ದ ಆ ದಿನಗಳಲ್ಲಿ 700 ಎಂಬಿ ಇಳಿಸಿಕೊಳ್ಳುವುದು ಎಲ್ಲರಿಗೂ ಆಗುವ ಮಾತಾಗಿರಲಿಲ್ಲ. ಪೆನ್‌ಡ್ರೈವ್ ಅಗ್ಗವಾಗಿ, ಲ್ಯಾಪ್‌ಟಾಪ್‌ಗಳಿಂದ ಸೀಡಿ ಡ್ರೈವ್ ಮಾಯವಾದ ಮೇಲೆ ಸೀಡಿಯ ಜಾಗಕ್ಕೆ ಪೆನ್‌ಡ್ರೈವ್ ಬಂತು. ಫೈಲ್‌ನ ಹೆಸರು, ಅದರ ಕಟ್ಟುಪಾಡು ಮಾತ್ರ ಸೀಡಿಯದೇ ಉಳಿದವು. ಉಬುಂಟು ಲೈವ್ ಓಡುತ್ತಿರುವಾಗ ಪೆನ್‌ಡ್ರೈವ್‌ನ ವಿಷಯ ಕಾಣಿಸುವ ಫೋಲ್ಡರಿಗೆ ಈಗಲೂ ಸೀಡಿರಾಮ್ ಎಂದೇ ಹೆಸರು.

ಇಮೇಜ್‌ನ ಒಳಗೆ

ಸೀಡಿಗೆಂದು 1988ರಲ್ಲಿ ಗೊತ್ತಾದ ಐಎಸ್‌ಒ 9660 ಎಂಬ ಮಾನದಂಡದ ಪ್ರಕಾರ ಡಿಸ್ಕ್‌ನ ಮೊದಲ 16 ಸೆಕ್ಟರ್‌ಗಳನ್ನು ಖಾಲಿ ಬಿಡಬೇಕು. ಸೀಡಿಯ ಒಂದು ಸೆಕ್ಟರ್ 2048 ಬೈಟ್. ಹದಿನಾರಕ್ಕೆ 32 ಕೆಬಿ. ಸೀಡಿಯ ನಿಜವಾದ ವಿವರ ಶುರುವಾಗುವುದು ಆ ಮೇಲೆ. ಇತ್ತ ಹಾರ್ಡ್ ಡಿಸ್ಕ್‌ನಿಂದ ಬೂಟ್ ಮಾಡುವ ಹಳೆಯ ಬಯಾಸ್ ನೋಡುವುದು ಡಿಸ್ಕ್‌ನ ಮೊಟ್ಟಮೊದಲ 512 ಬೈಟುಗಳನ್ನು. ಅದರಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಶನ್ ಪಟ್ಟಿ, ಕೊನೆಯ 2 ಬೈಟ್ ಇದು ಬೂಟ್ ಡಿಸ್ಕ್ ಎಂಬ ಗುರುತು. ಸೀಡಿ ಖಾಲಿ ಬಿಡುವ ಜಾಗ ಮತ್ತು ಹಾರ್ಡ್ ಡಿಸ್ಕ್ ತುಂಬಿರಬೇಕೆಂದು ಬಯಸುವ ಜಾಗ ಒಂದೇ. ಇದನ್ನು ಬಳಸಿಕೊಂಡು ಒಂದೇ ಇಮೇಜ್ ಸೀಡಿಯಾಗಿಯೂ ಹಾರ್ಡ್ ಡಿಸ್ಕ್ ಆಗಿಯೂ ಬೂಟ್ ಆಗುವಂತೆ ಮಾಡಿದರು. ಸಿಸ್‌ಲಿನಕ್ಸ್ ಯೋಜನೆಯ ಐಸೊಹೈಬ್ರಿಡ್ ಎಂಬ ಉಪಕರಣ ಈ ಕೆಲಸಕ್ಕೆ ಹುಟ್ಟಿದ್ದು. ಅದರಿಂದಾಗಿ ಲಿನಕ್ಸ್ ಇಮೇಜನ್ನು ಯಾವ ಮಾರ್ಪಾಡೂ ಇಲ್ಲದೆ ನೇರವಾಗಿ ಪೆನ್‌ಡ್ರೈವ್‌ಗೆ ಬರೆದರೆ ಸಾಕಾಗುತ್ತದೆ. ಲೈವ್ ಲಿನಕ್ಸ್‌ನ ಇಡೀ ಕಥೆಯಲ್ಲಿ ಇಷ್ಟು ಸರಳವೂ ಇಷ್ಟು ಚೆಂದವೂ ಆದ ಉಪಾಯ ಬೇರೊಂದಿಲ್ಲ.

2012ರಿಂದೀಚೆಗಿನ ಹೆಚ್ಚಿನ ಯಂತ್ರಗಳಲ್ಲಿರುವುದು ಬಯಾಸ್ ಅಲ್ಲ, ಅದರ ಜಾಗಕ್ಕೆ ಬಂದ ಯುಇಎಫ್‌ಐ. ಇದಕ್ಕೆ ಮೊದಲ 512 ಬೈಟ್‌ನ ಹಂಗಿಲ್ಲ. ಡಿಸ್ಕ್‌ನಲ್ಲಿ ಫ್ಯಾಟ್ ಮಾದರಿಯ ಒಂದು ಪಾರ್ಟಿಶನ್ ಹುಡುಕುತ್ತದೆ, ಅದರಲ್ಲಿ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅಲ್ಲಿ ಬೂಟ್‌ಎಕ್ಸ್64 ಎಂಬ ಫೈಲ್ ಇದ್ದರೆ ಅದನ್ನು ಓಡಿಸುತ್ತದೆ. ಆದ್ದರಿಂದ ಇಂದಿನ ಇಮೇಜ್‌ಗಳಲ್ಲಿ ಕೆಲವೇ ಎಂಬಿಯ ಇಂಥದೊಂದು ಪುಟ್ಟ ಪಾರ್ಟಿಶನ್ ಕೂಡ ಇರುತ್ತದೆ.

ಇವೆಲ್ಲ ಬಾಗಿಲುಗಳಾದವು. ಮನೆಯೊಳಗಿನ ಸಾಮಾನೆಲ್ಲ ಇರುವುದು ಒಂದು ದೊಡ್ಡ ಸ್ಕ್ವಾಶ್‌ಎಫ್‌ಎಸ್ ಫೈಲ್‌ನಲ್ಲಿ. ಫಿಲಿಪ್ ಲೌಗರ್ ಬರೆದ ಈ ಫೈಲ್ ಸಿಸ್ಟಮ್ 2009ರಲ್ಲಿ ಲಿನಕ್ಸ್ ಕರ್ನಲ್‌ನ ಭಾಗವಾಯಿತು. ಜಿಪ್ ಫೈಲ್‌ನಲ್ಲಿರುವುದನ್ನು ಬಳಸಬೇಕಾದರೆ ಮೊದಲು ಬಿಚ್ಚಿ ಬೇರೆಡೆ ಹರಡಬೇಕು. ಸ್ಕ್ವಾಶ್‌ಎಫ್‌ಎಸ್‌ಗೆ ಅದು ಬೇಡ. ಅದರ ದತ್ತಾಂಶವನ್ನು ಸಣ್ಣ ಸಣ್ಣ ತುಂಡುಗಳಾಗಿ, ಸಾಮಾನ್ಯವಾಗಿ 128 ಕೆಬಿಯಂತೆ, ಬಿಡಿಬಿಡಿಯಾಗಿ ಕುಗ್ಗಿಸಿರುತ್ತಾರೆ. ಯಾವುದಾದರೂ ಫೈಲ್ ತೆರೆದಾಗ ಅದಕ್ಕೆ ಸಂಬಂಧಪಟ್ಟ ತುಂಡುಗಳನ್ನಷ್ಟೇ ಓದಿ ಬಿಡಿಸಿದರೆ ಆಯಿತು. ಬದಲಾಯಿಸಲು ಮಾತ್ರ ಇದರಲ್ಲಿ ಆಗುವುದಿಲ್ಲ, ಓದಬಹುದು, ಅಷ್ಟೇ. ಇಲ್ಲಿಯೇ ಒಂದು ತೊಡಕು ಹುಟ್ಟುತ್ತದೆ, ಏಕೆಂದರೆ ಎಲ್ಲಿಯೂ ಏನನ್ನೂ ಬರೆಯದೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ಓಡಲಾರದು.

ಎರಡು ಸಲ ಹುಡುಕಾಟ

ಪವರ್ ಬಟನ್ ಒತ್ತಿದ ಮೇಲೆ ಫರ್ಮ್‌ವೇರ್, ಅಂದರೆ ಬಯಾಸ್ ಅಥವಾ ಯುಇಎಫ್‌ಐ, ಪೆನ್‌ಡ್ರೈವ್‌ನಿಂದ ಬೂಟ್‌ಲೋಡರ್ ಅನ್ನು ಎತ್ತಿಕೊಳ್ಳುತ್ತದೆ. ಬಹುಮಟ್ಟಿಗೆ ಇದು ಗ್ರಬ್. ಗ್ರಬ್ ಒಂದು ಮೆನು ತೋರಿಸಿ ಎರಡು ಫೈಲುಗಳನ್ನು ರ್‍ಯಾಮ್‌ಗೆ ತರುತ್ತದೆ: ಒಂದು ಲಿನಕ್ಸ್ ಕರ್ನಲ್, ಇನ್ನೊಂದು ಇನಿಟ್‌ರ್‍ಯಾಮ್‌ಎಫ್‌ಎಸ್ ಎಂಬ ಚಿಕ್ಕ ತಾತ್ಕಾಲಿಕ ವ್ಯವಸ್ಥೆ. ಇಲ್ಲಿಯವರೆಗೆ ಪೆನ್‌ಡ್ರೈವ್ ಓದಿಕೊಟ್ಟದ್ದು ಫರ್ಮ್‌ವೇರ್. ಕರ್ನಲ್ ಶುರುವಾದ ಕ್ಷಣಕ್ಕೆ ಆ ನೆರವು ಕೊನೆಯಾಗುತ್ತದೆ. ಕರ್ನಲ್ ತನ್ನದೇ ಯುಎಸ್‌ಬಿ ಡ್ರೈವರ್ ಹಾಕಿಕೊಂಡು, ತಾನು ಬಂದ ಪೆನ್‌ಡ್ರೈವ್ ಯಾವುದೆಂದು ಮತ್ತೆ ಮೊದಲಿನಿಂದ ಹುಡುಕಬೇಕು.

ಈ ಎರಡನೆಯ ಹುಡುಕಾಟ ಮಾಡುವುದು ಇನಿಟ್‌ರ್‍ಯಾಮ್‌ಎಫ್‌ಎಸ್‌ನೊಳಗಿನ ಸ್ಕ್ರಿಪ್ಟ್‌ಗಳು. ಉಬುಂಟು ಮತ್ತು ಮಿಂಟ್‌ನಲ್ಲಿ ಇವುಗಳ ಹೆಸರು ಕ್ಯಾಸ್ಪರ್, ಡೆಬಿಯನ್‌ನಲ್ಲಿ ಲೈವ್-ಬೂಟ್. ಯಂತ್ರಕ್ಕೆ ಸೇರಿಸಿದ ಒಂದೊಂದೇ ಡಿಸ್ಕನ್ನು ಇವು ತೆರೆದು ನೋಡಿ, ಸ್ಕ್ವಾಶ್‌ಎಫ್‌ಎಸ್ ಫೈಲ್ ಎಲ್ಲಿದೆ ಎಂದು ಪತ್ತೆಮಾಡುತ್ತವೆ. ಫೆಡೋರಾದಂಥವು ಡಿಸ್ಕ್‌ನ ಹೆಸರನ್ನು, ಅಂದರೆ ಲೇಬಲ್ ಅನ್ನು, ನೋಡಿ ಗುರುತಿಸುತ್ತವೆ. ಬೂಟ್ ಮೆನು ಚೆನ್ನಾಗಿ ಕಾಣಿಸಿ, ಆಮೇಲೆ ಲೈವ್ ಫೈಲ್ ಸಿಸ್ಟಮ್ ಸಿಗಲಿಲ್ಲ ಎಂಬ ಸಂದೇಶದೊಡನೆ ಕಪ್ಪು ಪರದೆಯಲ್ಲಿ ನಿಂತುಬಿಟ್ಟರೆ ಎಡವಿದ್ದು ಈ ಹಂತದಲ್ಲಿ ಎಂದರ್ಥ. ಇಮೇಜ್ ಕೆಟ್ಟಿದೆ ಎಂದು ಅದನ್ನು ಮತ್ತೆ ಡೌನ್‌ಲೋಡ್ ಮಾಡಲು ಹೊರಡುವ ಮೊದಲು ಪೆನ್‌ಡ್ರೈವನ್ನು ಬೇರೆ ಪೋರ್ಟ್‌ಗೆ ಹಾಕಿ ನೋಡಬೇಕು. ಯುಎಸ್‌ಬಿ ಹಬ್ ನಡುವೆ ಇದ್ದರೆ ಅದನ್ನು ತೆಗೆಯಬೇಕು.

ಸ್ಕ್ವಾಶ್‌ಎಫ್‌ಎಸ್ ಸಿಕ್ಕಿತು, ಆದರೆ ಅದರಲ್ಲಿ ಬರೆಯಲಾಗದು. ಈ ತೊಡಕನ್ನು ಬಿಡಿಸುವುದು 2014ರ ಡಿಸೆಂಬರ್‌ನಲ್ಲಿ ಬಂದ 3.18 ಕರ್ನಲ್‌ಗೆ ಸೇರಿದ ಓವರ್‌ಲೇಎಫ್‌ಎಸ್. ಅದಕ್ಕೂ ಮೊದಲು ಯೂನಿಯನ್‌ಎಫ್‌ಎಸ್, ಎಯುಎಫ್‌ಎಸ್ ಎಂಬವು ಇದೇ ಕೆಲಸ ಮಾಡುತ್ತಿದ್ದವು. ಪಾಠಪುಸ್ತಕದ ನಕ್ಷೆಯ ಮೇಲೆ ಬಟರ್ ಪೇಪರ್ ಇಟ್ಟು ಗೆರೆ ಎಳೆದಂತೆ ಇದರ ಕೆಲಸ: ಕೆಳಗೆ ಬದಲಾಗದ ಸ್ಕ್ವಾಶ್‌ಎಫ್‌ಎಸ್, ಮೇಲೆ ರ್‍ಯಾಮ್‌ನಲ್ಲಿರುವ ಖಾಲಿ ಪದರ, ನೋಡುವವರಿಗೆ ಎರಡೂ ಸೇರಿ ಒಂದೇ ಚಿತ್ರ. ಬಳಕೆದಾರರು ಒಂದು ಸೆಟ್ಟಿಂಗ್ ಫೈಲ್ ತಿದ್ದಿದರೆ ಕೆಳಗಿನ ಮೂಲ ಪ್ರತಿ ಮೊದಲು ಮೇಲಿನ ಪದರಕ್ಕೆ ನಕಲಾಗುತ್ತದೆ, ತಿದ್ದುಪಡಿ ಆಗುವುದು ಆ ನಕಲಿನಲ್ಲಿ. ಮುಂದೆ ಆ ಫೈಲ್ ಕೇಳಿದವರಿಗೆಲ್ಲ ಸಿಗುವುದು ಮೇಲಿನದು. ಒಂದು ಫೈಲ್ ಅಳಿಸಿದರೆ ಇನ್ನೂ ಸ್ವಾರಸ್ಯ. ಕೆಳಗಿನದನ್ನು ಅಳಿಸಲು ಬರುವುದಿಲ್ಲವಲ್ಲ. ಹಾಗಾಗಿ ಮೇಲಿನ ಪದರದಲ್ಲಿ ಅದೇ ಹೆಸರಿನ ಒಂದು ಗುರುತು ಮೂಡುತ್ತದೆ. ಇದಕ್ಕೆ ವೈಟ್‌ಔಟ್ ಎನ್ನುತ್ತಾರೆ. ಅದು ಇರುವವರೆಗೆ ಕೆಳಗಿನ ಫೈಲ್ ಕಣ್ಣಿಗೆ ಬೀಳುವುದಿಲ್ಲ. ಪವರ್ ಹೋದಾಗ ರ್‍ಯಾಮ್ ಬರಿದಾಗುತ್ತದೆ, ಮೇಲಿನ ಪದರ ಹೋಗುತ್ತದೆ, ಅಳಿಸಿದ ಫೈಲ್ ಮರುದಿನ ಅಲ್ಲೇ ಇರುತ್ತದೆ.

ಇದರಿಂದ ಕೆಲವು ವಿಷಯಗಳು ತಾವಾಗಿ ಅರ್ಥವಾಗುತ್ತವೆ. ಲೈವ್ ಡೆಸ್ಕ್‌ಟಾಪ್ ಮೇಲೆ ಉಳಿಸಿದ ಪತ್ರ ಶಟ್‌ಡೌನ್ ಆದೊಡನೆ ಹೋಗುವುದು ಇದೇ ಕಾರಣಕ್ಕೆ. ಬೇಕಾದದ್ದನ್ನು ಇನ್ನೊಂದು ಪೆನ್‌ಡ್ರೈವ್‌ಗೋ ಇಮೇಲ್‌ಗೋ ಹಾಕಿಕೊಳ್ಳಬೇಕು. ಮೇಲಿನ ಪದರಕ್ಕೆ ಸಿಗುವುದು ಸಾಮಾನ್ಯವಾಗಿ ರ್‍ಯಾಮ್‌ನ ಅರ್ಧ. 4 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ದೊಡ್ಡ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಹೊರಟರೆ ಜಾಗ ಮುಗಿದು ಎಲ್ಲವೂ ಸ್ತಬ್ಧವಾಗುತ್ತದೆ. ಸ್ಕ್ವಾಶ್‌ಎಫ್‌ಎಸ್‌ನ ತುಂಡುಗಳು ಬೇಕಾದಾಗಲೇ ಓದಲ್ಪಡುವುದರಿಂದ ಕೆಲಸದ ನಡುವೆ ಪೆನ್‌ಡ್ರೈವ್ ಕಿತ್ತರೆ ಮೊದಲಿಗೆ ಏನೂ ಆಗದಂತೆ ತೋರಿ, ಹೊಸ ಪ್ರೋಗ್ರಾಂ ತೆರೆಯುವಾಗ ಎಲ್ಲ ಕುಸಿಯುತ್ತದೆ. ರ್‍ಯಾಮ್ ಧಾರಾಳವಾಗಿದ್ದರೆ ಗ್ರಬ್ ಮೆನುವಿನಲ್ಲಿ ತಿದ್ದಬಹುದಾದ ಬೂಟ್ ಸಾಲಿಗೆ ಟುರ್‍ಯಾಮ್ ಎಂಬ ಆಯ್ಕೆ ಸೇರಿಸಬಹುದು. ಇಡೀ ಸ್ಕ್ವಾಶ್‌ಎಫ್‌ಎಸ್ ರ್‍ಯಾಮ್‌ಗೆ ಬಂದು ಕೂತ ಮೇಲೆ ಪೆನ್‌ಡ್ರೈವ್ ತೆಗೆದರೂ ತೊಂದರೆ ಇಲ್ಲ. ಕೆಲವೇ ನೂರು ಎಂಬಿಯ ಪಪ್ಪಿ ಲಿನಕ್ಸ್ ಹಳೆಯ ಯಂತ್ರಗಳಲ್ಲೂ ಚುರುಕಾಗಿ ಓಡುವುದು ಬಹುಮಟ್ಟಿಗೆ ಈ ಪದ್ಧತಿಯಿಂದ.

ಬರೆಯುವ ಕೆಲಸ

ಯಾವ ಇಮೇಜ್ ಬೇಕು ಎಂಬುದು ಮೊದಲ ಪ್ರಶ್ನೆ. ಉಬುಂಟು 24.04ರ ಡೆಸ್ಕ್‌ಟಾಪ್ ಇಮೇಜ್ ಸುಮಾರು 6 ಜಿಬಿ, ಮಿಂಟ್ 22ರದು 3 ಜಿಬಿಗೆ ಹತ್ತಿರ. 8 ಜಿಬಿ ಪೆನ್‌ಡ್ರೈವ್ ಸಾಕಾದರೂ 16 ಜಿಬಿಯದು ಇದ್ದರೆ ಅನುಕೂಲ. ಇಂಟೆಲ್, ಎಎಂಡಿ ಯಂತ್ರಗಳಿಗೆ ಎಎಂಡಿ64 ಎಂದು ಬರೆದ ಇಮೇಜನ್ನು ಆರಿಸಬೇಕು. ಹೆಸರಿನಲ್ಲಿ ಎಎಂಡಿ ಇದ್ದರೂ ಅದು ಇಂಟೆಲ್‌ಗೂ ಸಲ್ಲುತ್ತದೆ. 32 ಬಿಟ್‌ನ ತೀರಾ ಹಳೆಯ ಪ್ರೊಸೆಸರ್‌ಗಳಿಗೆ ದೊಡ್ಡ ಡಿಸ್ಟ್ರೋಗಳಲ್ಲಿ ಹೆಚ್ಚಿನವು ಇಮೇಜ್ ಕೊಡುವುದನ್ನು ನಿಲ್ಲಿಸಿವೆ. ಆಪಲ್‌ನ ಎಂ1 ಮತ್ತು ನಂತರದ ಮ್ಯಾಕ್‌ಗಳು ಇಂಥ ಪೆನ್‌ಡ್ರೈವ್‌ನಿಂದ ಬೂಟ್ ಆಗುವುದಿಲ್ಲ.

ಡೌನ್‌ಲೋಡ್ ಆದ ಫೈಲನ್ನು ತಾಳೆ ನೋಡುವ ಅಭ್ಯಾಸ ಹಲವರಿಗಿಲ್ಲ. ಇದು ಬಿಡಬಾರದ ಅಭ್ಯಾಸ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಸೇರಿಸಿದ್ದ ನಕಲಿ ಇಮೇಜ್‌ನತ್ತ ಜನರನ್ನು ತಿರುಗಿಸಿದರು. ಮಿಂಟ್ 17.3ರ ಸಿನಮನ್ ಆವೃತ್ತಿಯನ್ನು ಆ ದಿನ ಇಳಿಸಿಕೊಂಡವರು ಇದಕ್ಕೆ ಸಿಕ್ಕಿಬಿದ್ದರು. ಪ್ರತಿ ಇಮೇಜ್‌ನ ಜೊತೆ ಎಸ್‌ಎಚ್‌ಎ256 ಎಂಬ 64 ಅಕ್ಷರಗಳ ಮೊತ್ತವನ್ನು ಪ್ರಕಟಿಸಿರುತ್ತಾರೆ. ಇಮೇಜ್‌ನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಮೊತ್ತ ಪೂರ್ತಿ ಬೇರೆಯಾಗುತ್ತದೆ. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್, ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಇದನ್ನು ಲೆಕ್ಕಹಾಕಿ ಕೊಡುತ್ತದೆ. ಜಾಲತಾಣವೇ ಕಳ್ಳರ ಕೈಗೆ ಹೋದರೆ ಅಲ್ಲಿ ಪ್ರಕಟವಾದ ಮೊತ್ತವನ್ನೂ ಬದಲಿಸಬಹುದು. ಆದ್ದರಿಂದ ಮೊತ್ತದ ಫೈಲ್‌ಗೆ ಡಿಸ್ಟ್ರೋದವರು ಹಾಕಿದ ಜಿಪಿಜಿ ಸಹಿಯನ್ನೂ ನೋಡುವುದು ಪೂರ್ಣ ಎಚ್ಚರಿಕೆ.

ಲಿನಕ್ಸ್‌ನಲ್ಲಿ ಇಮೇಜ್ ಬರೆಯುವ ಹಳೆಯ ದಾರಿ ಡಿಡಿ ಆದೇಶ. ಯಾವ ಫೈಲ್‌ನಿಂದ, ಯಾವ ಡಿಸ್ಕ್‌ಗೆ ಎಂದು ಹೇಳಿದರೆ ಬೈಟ್‌ಗೆ ಬೈಟ್ ಇಳಿಸಿಬಿಡುತ್ತದೆ, ಎದುರು ಪ್ರಶ್ನೆ ಕೇಳುವುದಿಲ್ಲ. ಪೆನ್‌ಡ್ರೈವ್ ಎಸ್‌ಡಿಬಿ ಎಂದಿದ್ದು, ಕೈತಪ್ಪಿ ಎಸ್‌ಡಿಎ ಎಂದು ಬರೆದರೆ ಹಾರ್ಡ್ ಡಿಸ್ಕ್‌ನ ಆರಂಭದ ಕೆಲವು ಜಿಬಿ ಅಳಿದುಹೋಗುತ್ತದೆ. ಎಲ್‌ಎಸ್‌ಬಿಎಲ್‌ಕೆ ಆದೇಶ ಕೊಟ್ಟು, ಗಾತ್ರ ನೋಡಿ ಯಾವುದು ಪೆನ್‌ಡ್ರೈವ್ ಎಂದು ಖಾತ್ರಿ ಮಾಡಿಕೊಂಡೇ ಎಂಟರ್ ಒತ್ತಬೇಕು. ಇನ್ನೊಂದು ಸೂಕ್ಷ್ಮವಿದೆ. ಡಿಡಿ ಕೆಲಸ ಮುಗಿಯಿತು ಎಂದಾಗ ಪೆನ್‌ಡ್ರೈವ್‌ನ ದೀಪ ಇನ್ನೂ ಮಿಣುಕುತ್ತಿರಬಹುದು, ಏಕೆಂದರೆ ಕೊನೆಯ ಭಾಗ ರ್‍ಯಾಮ್‌ನಲ್ಲೇ ಉಳಿದು ನಿಧಾನವಾಗಿ ಇಳಿಯುತ್ತಿರುತ್ತದೆ. ಸಿಂಕ್ ಎಂಬ ಆದೇಶ ಕೊಟ್ಟು, ಅದು ಮುಗಿಯುವವರೆಗೆ ಕಾಯಬೇಕು. ಅವಸರದಲ್ಲಿ ಕಿತ್ತ ಪೆನ್‌ಡ್ರೈವ್ ಮೆನು ತೋರಿಸಿ ನಡುವೆ ಕೈಕೊಡುತ್ತದೆ.

ವಿಂಡೋಸ್ ಬಳಸುವವರಿಗೆ ಪೀಟ್ ಬಟಾರ್ಡ್ ಅವರ ರೂಫಸ್ ಇದೆ. 2011ರಿಂದ ಬರುತ್ತಿರುವ ಚಿಕ್ಕ, ಚೊಕ್ಕ ಪ್ರೋಗ್ರಾಂ. ಇಮೇಜ್ ಆರಿಸಿ ಸ್ಟಾರ್ಟ್ ಒತ್ತಿದಾಗ ಅದು ಐಎಸ್‌ಒ ಕ್ರಮವೋ ಡಿಡಿ ಕ್ರಮವೋ ಎಂದು ಕೇಳುತ್ತದೆ. ಡಿಡಿ ಕ್ರಮ ಇಮೇಜನ್ನು ಇದ್ದಂತೆಯೇ ಇಳಿಸುತ್ತದೆ. ಐಎಸ್‌ಒ ಕ್ರಮದಲ್ಲಿ ಪೆನ್‌ಡ್ರೈವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ, ಇಮೇಜ್‌ನೊಳಗಿನ ಫೈಲುಗಳನ್ನು ಬಿಡಿಸಿ ಹಾಕಿ, ಬೂಟ್‌ಲೋಡರ್ ಸೇರಿಸುತ್ತದೆ. ಉಳಿದ ಜಾಗಕ್ಕೆ ಬೇರೆ ಫೈಲ್ ಹಾಕಿಕೊಳ್ಳಬಹುದು ಎಂಬುದು ಇದರ ಲಾಭ. ಆದರೆ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಡಿಸ್ಕ್‌ನ ಲೇಬಲ್ 11 ಅಕ್ಷರ ದಾಟುವಂತಿಲ್ಲ. ಲೇಬಲ್ ನೋಡಿ ತನ್ನ ಡಿಸ್ಕ್ ಗುರುತಿಸುವ ಡಿಸ್ಟ್ರೋಗೆ ಈ ಕತ್ತರಿಸಿದ ಹೆಸರು ಸಿಕ್ಕಿದರೆ ದಾರಿ ತಪ್ಪುತ್ತದೆ. ರೂಫಸ್ ಇದನ್ನು ಸಾಧ್ಯವಾದಷ್ಟು ತಾನೇ ಸರಿಪಡಿಸುತ್ತದೆ. ಆದರೂ ಒಂದು ಕ್ರಮದಲ್ಲಿ ಬೂಟ್ ಆಗದಿದ್ದರೆ ಇನ್ನೊಂದರಲ್ಲಿ ಬರೆದು ನೋಡುವುದು ಸರಿಯಾದ ಹೆಜ್ಜೆ. ಎಚ್ಚರ್ ಎಂಬ ಇನ್ನೊಂದು ಪ್ರೋಗ್ರಾಂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬರೆದಾದ ಮೇಲೆ ಪೆನ್‌ಡ್ರೈವ್‌ನಿಂದ ಹಿಂದಕ್ಕೆ ಓದಿ ತಾಳೆ ನೋಡುತ್ತದೆ. 64 ಜಿಬಿ ಎಂದು ಸುಳ್ಳು ಹೇಳಿಕೊಂಡು ಮಾರುವ ಪೆನ್‌ಡ್ರೈವ್‌ಗಳ ಬಂಡವಾಳ ಬಯಲಾಗುವುದು ಕೆಲವು ಸಲ ಈ ತಾಳೆಯಲ್ಲೇ.

ಐಎಸ್‌ಒ ಫೈಲನ್ನು ಬರೇ ಕಾಪಿ ಮಾಡಿದರೆ ಬೂಟ್ ಆಗದು ಎಂಬ ನಿಯಮಕ್ಕೆ ಒಂದು ಅಪವಾದ 2020ರಲ್ಲಿ ಬಂದ ವೆಂಟಾಯ್. ಪೆನ್‌ಡ್ರೈವ್‌ಗೆ ಒಮ್ಮೆ ವೆಂಟಾಯ್ ಹಾಕಿದರೆ, ಆಮೇಲೆ ಐಎಸ್‌ಒ ಫೈಲುಗಳನ್ನು ಬರೇ ಕಾಪಿ ಮಾಡಿದರೆ ಸಾಕು. ಬೂಟ್ ಆದಾಗ ಅದು ಇರುವ ಇಮೇಜ್‌ಗಳ ಪಟ್ಟಿ ತೋರಿಸಿ, ಆರಿಸಿದ ಫೈಲನ್ನೇ ಒಂದು ಡಿಸ್ಕ್ ಎಂಬಂತೆ ಮುಂದಿಡುತ್ತದೆ. ಹಲವು ಡಿಸ್ಟ್ರೋಗಳನ್ನು ಹೋಲಿಸಿ ನೋಡಬೇಕೆಂದಿರುವವರಿಗೆ ಇದರಷ್ಟು ಒದಗುವುದು ಇನ್ನೊಂದಿಲ್ಲ. ಒಂದೇ ಇಮೇಜ್ ಸಾಕು ಎನ್ನುವವರಿಗೆ ನೇರ ಬರಹವೇ ಕಡಿಮೆ ತಕರಾರಿನದು.

ಇಮೇಜ್ ಬರೆದ ಪೆನ್‌ಡ್ರೈವನ್ನು ವಿಂಡೋಸ್‌ಗೆ ಮತ್ತೆ ಹಾಕಿದರೆ, ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು ಎಂಬ ಪೆಟ್ಟಿಗೆ ಏಳುವುದುಂಟು. ವಿಂಡೋಸ್‌ಗೆ ಆ ಪಾರ್ಟಿಶನ್‌ಗಳ ರೂಪ ಗೊತ್ತಿಲ್ಲ, ಅದಕ್ಕೇ ಕೇಳುತ್ತದೆ. ಕ್ಯಾನ್ಸಲ್ ಒತ್ತಬೇಕು, ಒಪ್ಪಿದರೆ ಬರೆದದ್ದೆಲ್ಲ ಹಾಳು.

ಬೂಟ್ ಮಾಡಿಸುವುದು

ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಬೇಕು. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಕೀಲಿ ಹಿಡಿಯಲು ಆಗದಷ್ಟು ಬೇಗ ವಿಂಡೋಸ್ ಏಳುತ್ತಿದ್ದರೆ, ವಿಂಡೋಸ್‌ನೊಳಗೇ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೆ ಬರುವ ನೀಲಿ ಪರದೆಯಲ್ಲಿ ಬೇರೆ ಸಾಧನದಿಂದ ಬೂಟ್ ಮಾಡುವ ಆಯ್ಕೆ ಸಿಗುತ್ತದೆ. ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ, ಯುಇಎಫ್‌ಐ ಎಂದು ಮುಂದೆ ಬರೆದಿರುವುದನ್ನು ಆರಿಸಬೇಕು.

ಸೆಕ್ಯೂರ್ ಬೂಟ್ ಬಗ್ಗೆ ಇರುವ ಭಯ ಬಹಳಷ್ಟು ಹಳೆಯದು. ವಿಂಡೋಸ್ 8ರ ಜೊತೆ ಬಂದ ಈ ವ್ಯವಸ್ಥೆ, ಸಹಿ ಇಲ್ಲದ ಬೂಟ್‌ಲೋಡರ್ ಓಡಲು ಬಿಡುವುದಿಲ್ಲ. ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್‌ಗಳು ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ ಎಂಬ ಚಿಕ್ಕ ಪ್ರೋಗ್ರಾಂ ಬಳಸುತ್ತವೆ. ಫರ್ಮ್‌ವೇರ್ ಶಿಮ್ಮನ್ನು ನಂಬುತ್ತದೆ, ಶಿಮ್ ತನ್ನ ಡಿಸ್ಟ್ರೋದ ಕೀಲಿಯಿಂದ ಗ್ರಬ್ಬನ್ನೂ ಕರ್ನಲ್ಲನ್ನೂ ಪರೀಕ್ಷಿಸುತ್ತದೆ. ಹಾಗಾಗಿ ಇವುಗಳಿಗೆ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವಿಲ್ಲ. 2024ರ ಆಗಸ್ಟ್‌ನಲ್ಲಿ ಮಾತ್ರ ವಿಂಡೋಸ್‌ನ ಒಂದು ಅಪ್‌ಡೇಟ್ ಹಳೆಯ, ದೋಷವಿದ್ದ ಬೂಟ್‌ಲೋಡರ್‌ಗಳನ್ನು ತಡೆಯಹೋಗಿ, ಅಂಥ ಹಳೆಯ ಶಿಮ್ ಇದ್ದ ಲಿನಕ್ಸ್‌ಗಳನ್ನೂ ಲೈವ್ ಪೆನ್‌ಡ್ರೈವ್‌ಗಳನ್ನೂ ನಿಲ್ಲಿಸಿತು. ಎಸ್‌ಬಿಎಟಿ ಪರೀಕ್ಷೆ ವಿಫಲ ಎಂಬ ಸಂದೇಶ ಕಂಡರೆ ಇಂದಿನ ಹೊಸ ಇಮೇಜ್ ಇಳಿಸಿಕೊಳ್ಳುವುದು ಸರಳ ಪರಿಹಾರ.

ಸೆಕ್ಯೂರ್ ಬೂಟ್ ಆಫ್ ಮಾಡುವುದಾದರೆ ಒಂದು ಎಚ್ಚರಿಕೆ ಬೇಕೇಬೇಕು. ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಎನ್‌ಕ್ರಿಪ್ಷನ್ ಬೀಗ ಹಾಕಿದ್ದರೆ, ಈ ಬದಲಾವಣೆ ಕಂಡು ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಒಡೆಯರಿಗೆ ಗೊತ್ತೇ ಇಲ್ಲದೆ ಈ ಬೀಗ ಬಿದ್ದಿರುತ್ತದೆ. ಆ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳದೆ ಫರ್ಮ್‌ವೇರ್ ಸೆಟ್ಟಿಂಗ್ ಮುಟ್ಟಬಾರದು.

ಮೆನು ಬಂದು, ಆಮೇಲೆ ಪರದೆ ಕಪ್ಪಾಗಿಯೇ ಉಳಿದರೆ ಅದು ಗ್ರಾಫಿಕ್ಸ್ ಡ್ರೈವರ್‌ನ ತಕರಾರು. ಎನ್‌ವಿಡಿಯಾ ಕಾರ್ಡ್ ಇರುವಲ್ಲಿ ಹೆಚ್ಚು. ಗ್ರಬ್ ಮೆನುವಿನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಪದ ಸೇರಿಸಿ ಎಫ್10 ಒತ್ತಿದರೆ ಸರಳ ಗ್ರಾಫಿಕ್ಸ್‌ನಲ್ಲಿ ಡೆಸ್ಕ್‌ಟಾಪ್ ಬರುತ್ತದೆ. ಹಲವು ಇಮೇಜ್‌ಗಳ ಮೆನುವಿನಲ್ಲಿ ಸೇಫ್ ಗ್ರಾಫಿಕ್ಸ್ ಎಂಬ ಸಾಲೇ ಇರುತ್ತದೆ.

ಓಡತೊಡಗಿದ ಮೇಲೆ

ಲೈವ್ ಡೆಸ್ಕ್‌ಟಾಪ್‌ನಲ್ಲಿ ಕನ್ನಡ ಟೈಪ್ ಮಾಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಭಾರತದ ಭಾಷೆಗಳ ಕೆಳಗೆ ಕನ್ನಡವೂ, ಕಗಪ ವಿನ್ಯಾಸದ ಕನ್ನಡವೂ ಬೇರೆ ಬೇರೆಯಾಗಿ ಸಿಗುತ್ತವೆ. ಬೇರೆ ಕನ್ನಡ ಫಾಂಟು ಬೇಕೆನಿಸಿದರೆ ಡೆಬಿಯನ್‌ನ ಸಾಫ್ಟ್‌ವೇರ್ ಭಂಡಾರದಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳಿವೆ. ಮೆನುಗಳೂ ಕನ್ನಡದಲ್ಲಿ ಬೇಕೆಂದರೆ ಭಾಷಾ ಪ್ಯಾಕ್ ಇಳಿಸಿಕೊಳ್ಳಬೇಕಾಗಬಹುದು.

ಲೈವ್ ಪೆನ್‌ಡ್ರೈವ್ ತನ್ನ ಬೆಲೆ ತೋರಿಸುವುದು ವಿಂಡೋಸ್ ಏಳದೆ ಕೂತಾಗ. ಫೈಲ್ ಮ್ಯಾನೇಜರ್ ತೆರೆದು, ಒಳಗಿನ ಡಿಸ್ಕ್ ಮೇಲೆ ಕ್ಲಿಕ್ ಮಾಡಿ, ಫೋಟೊಗಳನ್ನೂ ಕಾಗದಪತ್ರಗಳನ್ನೂ ಬೇರೊಂದು ಡ್ರೈವ್‌ಗೆ ಎತ್ತಿಕೊಳ್ಳಬಹುದು. ವಿಂಡೋಸ್ 8ರಿಂದೀಚೆಗಿನ ಫಾಸ್ಟ್ ಸ್ಟಾರ್ಟ್‌ಅಪ್ ಚಾಲೂ ಇದ್ದರೆ ಶಟ್‌ಡೌನ್ ಎಂಬುದು ಅರೆನಿದ್ರೆಯಷ್ಟೇ. ಅಂಥ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ. ಇದು ಒಳ್ಳೆಯದೇ, ಉಳಿಸಿಕೊಳ್ಳುವ ಕೆಲಸಕ್ಕೆ ಓದಲು ಬಂದರೆ ಸಾಕು. ಡಿಸ್ಕ್ ಸಾಯುತ್ತಿರುವ ಲಕ್ಷಣವಿದ್ದರೆ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಕೂರಬಾರದು. ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಓದಲಾಗುವಷ್ಟನ್ನು ಮೊದಲು ಬೇರೆ ಡಿಸ್ಕ್‌ಗೆ ಇಳಿಸಿಕೊಳ್ಳಬೇಕು. ಬಿಟ್‌ಲಾಕರ್ ಬೀಗವಿದ್ದರೂ ರಿಕವರಿ ಕೀ ಕೊಟ್ಟು ಲಿನಕ್ಸ್‌ನಿಂದಲೇ ತೆರೆಯಬಹುದು.

ಇದೇ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಡಿಸ್ಕ್‌ಗೆ ಎನ್‌ಕ್ರಿಪ್ಷನ್ ಇಲ್ಲದಿದ್ದರೆ ವಿಂಡೋಸ್ ಪಾಸ್‌ವರ್ಡ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಕದ್ದ ಲ್ಯಾಪ್‌ಟಾಪ್‌ಗೆ ಲೈವ್ ಪೆನ್‌ಡ್ರೈವ್ ಹಾಕಿದವರಿಗೆ ಎಲ್ಲವೂ ಕಾಣುತ್ತದೆ.

ಕೆಲಸವನ್ನು ಪೆನ್‌ಡ್ರೈವ್‌ನಲ್ಲೇ ಉಳಿಸಿಕೊಳ್ಳಬೇಕೆಂದರೆ ಪರ್ಸಿಸ್ಟೆನ್ಸ್ ಎಂಬ ವ್ಯವಸ್ಥೆ ಇದೆ. ಓವರ್‌ಲೇಯ ಮೇಲಿನ ಪದರವನ್ನು ರ್‍ಯಾಮ್ ಬದಲು ಪೆನ್‌ಡ್ರೈವ್‌ನ ಉಳಿದ ಜಾಗದಲ್ಲಿ ಇಡುವುದೇ ಇದರ ಗುಟ್ಟು. ರೂಫಸ್‌ನಲ್ಲಿ ಇದಕ್ಕೆಂದು ಗಾತ್ರ ಆರಿಸುವ ಪಟ್ಟಿ ಇದೆ. ಡೆಬಿಯನ್‌ನಲ್ಲಾದರೆ ಪರ್ಸಿಸ್ಟೆನ್ಸ್ ಎಂಬ ಲೇಬಲ್‌ನ ಪಾರ್ಟಿಶನ್ ಮಾಡಿ, ಬೂಟ್ ಸಾಲಿಗೆ ಅದೇ ಪದ ಸೇರಿಸಬೇಕು. ಅಗ್ಗದ ಪೆನ್‌ಡ್ರೈವ್‌ಗಳು ಸಣ್ಣ ಸಣ್ಣ ಬರಹಗಳಿಗೆ ತೀರಾ ನಿಧಾನ, ಬೇಗ ಸವೆಯುತ್ತವೆ ಕೂಡ. ಕೆಲವು ಸೆಟ್ಟಿಂಗ್ ಮತ್ತು ವೈಫೈ ಪಾಸ್‌ವರ್ಡ್ ಉಳಿಸಿಕೊಳ್ಳಲು ಇದು ಸರಿ. ದಿನನಿತ್ಯದ ಕೆಲಸವನ್ನೆಲ್ಲ ಇದರ ಮೇಲೆ ಹೇರುವುದು ಬೇಡ. 2009ರಿಂದ ಇರುವ ಟೇಲ್ಸ್ ಎಂಬ ಡಿಸ್ಟ್ರೋ ಇದನ್ನು ತಿರುವುಹಾಕಿ ನೋಡಿತು: ಏನೂ ಉಳಿಯದಿರುವುದನ್ನೇ ಮುಖ್ಯ ಗುಣವಾಗಿಸಿ, ಮುಚ್ಚುವಾಗ ರ್‍ಯಾಮನ್ನೂ ಒರೆಸುತ್ತದೆ. ಉಳಿಸಲೇಬೇಕಾದದ್ದನ್ನು ಎನ್‌ಕ್ರಿಪ್ಟ್ ಆದ ಪಾರ್ಟಿಶನ್‌ನಲ್ಲಿಡಲು ಅವಕಾಶ ಕೊಡುತ್ತದೆ. ಪತ್ರಕರ್ತರು, ಕಣ್ಗಾವಲಿನಡಿ ಬದುಕುವವರು ಅದನ್ನು ನೆಚ್ಚಿಕೊಂಡಿರುವುದು ಇದಕ್ಕಾಗಿ.

ಕೆಲಸ ಮುಗಿದ ಮೇಲೆ ಪೆನ್‌ಡ್ರೈವನ್ನು ಮಾಮೂಲಿ ಬಳಕೆಗೆ ತರುವಾಗ 16 ಜಿಬಿಯದು ಕೆಲವೇ ಎಂಬಿ ಎಂದು ಕಾಣಿಸಿ ಗಾಬರಿಯಾಗುವುದುಂಟು. ಪೆನ್‌ಡ್ರೈವ್‌ಗೆ ಏನೂ ಆಗಿಲ್ಲ; ವಿಂಡೋಸ್‌ಗೆ ಕಾಣುತ್ತಿರುವುದು ಯುಇಎಫ್‌ಐಗೆಂದು ಇದ್ದ ಆ ಪುಟ್ಟ ಫ್ಯಾಟ್ ಪಾರ್ಟಿಶನ್ ಮಾತ್ರ. ಬರಿದೇ ಫಾರ್ಮ್ಯಾಟ್ ಮಾಡಿದರೆ ಆ ಪಾರ್ಟಿಶನ್ ಮಾತ್ರ ಫಾರ್ಮ್ಯಾಟ್ ಆಗುತ್ತದೆ. ವಿಂಡೋಸ್‌ನಲ್ಲಿ ಡಿಸ್ಕ್‌ಪಾರ್ಟ್ ತೆರೆದು, ಗಾತ್ರ ನೋಡಿ ಸರಿಯಾದ ಡಿಸ್ಕ್ ಆರಿಸಿ, ಕ್ಲೀನ್ ಆದೇಶ ಕೊಟ್ಟು ಹೊಸ ಪಾರ್ಟಿಶನ್ ಮಾಡಬೇಕು. ಲಿನಕ್ಸ್‌ನಲ್ಲಿ ಮೊದಲು ವೈಪ್‌ಎಫ್‌ಎಸ್‌ನಿಂದ ಹಳೆಯ ಗುರುತುಗಳನ್ನು ಒರೆಸಬೇಕು. ಸೀಡಿಯ ಗುರುತು ಆ ಮೊದಲ 32 ಕೆಬಿಯ ಆಚೆ ಇರುವುದರಿಂದ ಬರೇ ಪಾರ್ಟಿಶನ್ ಪಟ್ಟಿ ಬದಲಿಸಿದರೆ ಅದು ಅಳಿಯದೆ ಉಳಿದು, ಹೊಸದಾಗಿ ಫಾರ್ಮ್ಯಾಟ್ ಆದ ಪೆನ್‌ಡ್ರೈವೂ ಸೀಡಿಯಂತೆ ಕಾಣಿಸುವ ಸಾಧ್ಯತೆ ಇದೆ. ಒರೆಸಿ, ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ಮರಳಿ ಬರುತ್ತದೆ.